ಚುಕ್ಕಿ ಬೀಳದ ಏಳು ತಿಂಗಳು

ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿನ ಅಂಗಡಿಯಲ್ಲಿ ಕೀಲಿಕೈ ಕೊರೆಯುವ ಯಂತ್ರ ಕಿರ್ರೆನ್ನುತ್ತದೆ. ಮೊದಲು ಉದ್ದಕ್ಕೆ ಒಂದು ಸಲ, ಆಮೇಲೆ ಸಣ್ಣಗೆ, ಹಲ್ಲುಗಳ ಮೊನೆ ತಿದ್ದುವಾಗ. ಮೇಲಿನ ಮಹಡಿಯಲ್ಲಿ ಅಣ್ಣ, ತಂಗಿ ಇಬ್ಬರೇ ಇರುವುದು. ಇಪ್ಪತ್ತು ವರ್ಷದಿಂದ ಆ ಸದ್ದೇ ಅವರ ಗಡಿಯಾರ. ಅದು ಕೇಳಿಸಿತೆಂದರೆ ತಂಗಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾಳೆ.

ಅವಳ ಕೆಲಸವನ್ನು ನೆಂಟರಿಗೆ ವಿವರಿಸುವುದು ಕಷ್ಟ. ಇಂಗ್ಲಿಷ್ ವಾಕ್ಯವೊಂದು ಸರಿಯೋ ತಪ್ಪೋ ಎಂದು ಕಂಪ್ಯೂಟರ್ ತಾನೇ ಹೇಳಬೇಕು; ಅದಕ್ಕಾಗಿ ವ್ಯಾಕರಣವನ್ನು ಅದಕ್ಕೆ ತಿಳಿಯುವ ಸಂಕೇತಗಳಲ್ಲಿ ನಿಯಮ ನಿಯಮವಾಗಿ ಬರೆದುಕೊಡಬೇಕು. ಅವಳ ಪಾಲಿಗೆ ಬಂದದ್ದು ಅಧೀನ ವಾಕ್ಯಗಳು. ‘ಅವನು ಬಂದನೆಂದು ನನಗೆ ಗೊತ್ತು’ ಎನ್ನುವಾಗ ‘ಅವನು ಬಂದನೆಂದು’ ಇದೆಯಲ್ಲ, ಅಂಥವು. ದೊಡ್ಡ ವಾಕ್ಯದ ಮಡಿಲಲ್ಲಿ ಕೂತವು, ಇಳಿಸಿದರೆ ಒಂಟಿಯಾಗಿ ನಿಲ್ಲಲಾರದವು. ಚಿಕ್ಕಮ್ಮ ಒಮ್ಮೆ ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, “ಅಂದ್ರೆ ಎಂಟು ವರ್ಷದಿಂದ ಅರ್ಧರ್ಧ ವಾಕ್ಯಾನೇ ಬರೀತಿದೀಯಾ? ಪೂರ್ತಿ ಮಾಡೋದು ಯಾವಾಗ?” ಎಂದಿದ್ದಳು.

ಒಳ್ಳೆಯ ನಿಯಮ ಸರಿಯಾದದ್ದನ್ನು ಒಪ್ಪಿದರೆ ಸಾಲದು, ತಪ್ಪಾದದ್ದನ್ನು ತಳ್ಳಲೂಬೇಕು. ಯಾವುದು ತಪ್ಪೆಂದು ಮೊದಲು ಹೇಳಲು ಮನುಷ್ಯನ ಕಿವಿಯೇ ಆಗಬೇಕು. ತಪ್ಪು ವಾಕ್ಯದ ತಲೆಗೆ ನಕ್ಷತ್ರದಂಥ ಒಂದು ಚುಕ್ಕಿ ಇಡುವುದು ಆ ಕಸುಬಿನ ರೂಢಿ.

ಆ ಕಿವಿ ಅಣ್ಣನದು. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದಿದವನು. ಅಪ್ಪ ಅಮ್ಮ ತೀರಿಕೊಂಡಾಗ ಅವನಿಗೆ ಇಪ್ಪತ್ತಮೂರು, ಅವಳಿಗೆ ಒಂಬತ್ತು. ಅವನು ಮನೆಗೆ ತರುತ್ತಿದ್ದ ಹಳೆಯ ಪ್ರೂಫ್ ಹಾಳೆಗಳ ಬೆನ್ನ ಮೇಲೆ ಅವಳು ಶಾಲೆಯ ಲೆಕ್ಕ ಮಾಡಿದಳು, ಮುಖದ ಮೇಲೆ ಇಂಗ್ಲಿಷ್ ಕಲಿತಳು.

ಸಂಜೆ ಚಹಾದ ಹೊತ್ತಿಗೆ ಅವಳು ಇಪ್ಪತ್ತು ವಾಕ್ಯ ಓದುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೇಳಿ ‘ನಿಲ್ಲತ್ತೆ’ ಎನ್ನುವನು, ಇಲ್ಲವೇ ‘ಬೀಳತ್ತೆ’. ‘ಐ ನೋ ದಟ್ ಹಿ ಕೇಮ್’ ನಿಲ್ಲುತ್ತದೆ. ‘ಐ ನೋ ದಟ್ ಡಿಡ್ ಹಿ ಕಮ್’ ಬೀಳುತ್ತದೆ. ಯಾಕೆಂದು ಕೇಳಿದರೆ, ಅನ್ನದಲ್ಲಿ ಕಲ್ಲು ಕಚ್ಚಿದ ಹಾಗಾಗುತ್ತದೆ, ಅದಕ್ಕೇನು ಕಾರಣ ಹೇಳಲಿ ಎನ್ನುವನು. ಅವಳು ಚುಕ್ಕಿ ಇಡುವಳು. ಹಾಗಾಗಿ ಅವನು ಅವಳನ್ನೇ ಚುಕ್ಕಿ ಎಂದು ಕರೆಯತೊಡಗಿದ.

ಈ ಕೆಲಸದಲ್ಲಿ ಒಂದು ಎಚ್ಚರಿಕೆಯಿದೆ. ಹೊಸ ವಾಕ್ಯಗಳ ನಡುವೆ ಹಿಂದೆ ತೀರ್ಪಾದ ನಾಲ್ಕೈದನ್ನು ಸದ್ದಿಲ್ಲದೆ ಸೇರಿಸಿ, ಕೇಳುವವರ ಕಿವಿ ಮೊದಲಿನಂತೆಯೇ ಇದೆಯೇ ಎಂದು ನೋಡುತ್ತಿರಬೇಕು. ಮೊದಲ ವಾರ ಅವಳೂ ಸೇರಿಸಿದ್ದಳು. ಮೂರನೆಯ ದಿನವೇ ಅಣ್ಣ ಒಂದು ಕಣ್ಣು ತೆರೆದು, “ಇದನ್ನ ಮಂಗಳವಾರವೇ ಬೀಳಿಸಿದೀನಲ್ಲೇ. ಅಣ್ಣನಿಗೇ ಪರೀಕ್ಷೆನಾ ಚುಕ್ಕಿ?” ಎಂದ. ಅವಳಿಗೆ ನಾಚಿಕೆಯಾಯಿತು. ಮತ್ತೆ ಸೇರಿಸಲಿಲ್ಲ.

ಈಚಿನ ತಿಂಗಳುಗಳಲ್ಲಿ ಕೆಲಸ ಹೂವೆತ್ತಿದ ಹಾಗೆ ಸಾಗಿತ್ತು. ಅಣ್ಣನ ತೀರ್ಪಿಗೂ ಯಂತ್ರದ ತೀರ್ಪಿಗೂ ಒಂದು ಕೂದಲಷ್ಟೂ ಅಂತರ ಬರುತ್ತಿರಲಿಲ್ಲ. ಕಚೇರಿಯಲ್ಲಿ ಅವಳ ಮೇಲಿನವರಾದ ಮೇಡಂ ಎಲ್ಲರೆದುರು ಹೊಗಳಿದ ದಿನ ಅವಳು ಮನೆಗೆ ಸಿಹಿ ತಂದಿದ್ದಳು. ಈ ಶುಕ್ರವಾರ ನಿಯಮಗಳೂ ವಾಕ್ಯಗಳ ಪಟ್ಟಿಯೂ ಹೊರಗಿನವರ ಕೈಗೆ ಹೋಗುವುದಿತ್ತು. ಅದರ ಮೇಲೆ ಬೇರೆಯವರು ತಮ್ಮ ಕೆಲಸ ಕಟ್ಟುವವರಿದ್ದರು.

ಸೋಮವಾರ ಮೆಟ್ಟಿಲ ಬುಡದಲ್ಲಿ ಕೀಲಿಕೈಯವನು ಅವಳನ್ನು ತಡೆದ.

“ಅಕ್ಕಾ, ತಪ್ಪು ತಿಳೀಬೇಡಿ. ನಿಮ್ಮನೆಗೆ ಎಷ್ಟು ಬಾಗಿಲು?”

“ಒಂದೇ. ಯಾಕೆ?”

“ನಿಮ್ಮಣ್ಣ ಹನ್ನೊಂದು ಕೀಲಿ ಮಾಡಿಸ್ಕೊಂಡಿದಾರೆ. ಹನ್ನೊಂದೂ ಒಂದೇ ಬೀಗದ್ದು. ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ ಅಂತ ಪ್ರತಿ ಸಲ ಬರ್ತಾರೆ. ತಂಗಿಗೆ ಹೇಳ್ಬೇಡ ಅಂದಿದ್ರು. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ, ನಿಮಗೆ ಗೊತ್ತಲ್ಲ.”

ಆ ಸಂಜೆ ಅವಳು ಐದು ಹಳೆಯ ವಾಕ್ಯ ಸೇರಿಸಿ ಓದಿದಳು. ಐದೂ ಅವನೇ ಹಿಂದೆ ಬೀಳಿಸಿದ್ದವು. ಅವನು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ. ನಿಲ್ಲತ್ತೆ. ನಿಲ್ಲತ್ತೆ. ಐದನೆಯದನ್ನು ಅವಳು ಎರಡು ಸಲ ಓದಿದಳು. ಎರಡು ಸಲವೂ ನಿಂತಿತು.

ಮರುದಿನ ಕಚೇರಿಯಲ್ಲಿ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದಳು. ಎಷ್ಟೋ ವರ್ಷಗಳ ಉದ್ದಕ್ಕೆ ದಿನಕ್ಕೆ ಆರೇಳು ಚುಕ್ಕಿ. ಒಂದು ಗುರುವಾರದಿಂದ ಈಚೆಗೆ ಒಂದೂ ಇಲ್ಲ. ಏಳು ತಿಂಗಳು, ಪುಟದ ಮೇಲೆ ಪುಟ, ಅಂಚು ಬೋಳು. ಅಂತರ ಬಾರದೆ ಇದ್ದದ್ದು ಯಾಕೆಂದು ಆಗ ತಿಳಿಯಿತು: ಅವನು ಒಪ್ಪಿದ್ದನ್ನೆಲ್ಲ ಯಂತ್ರವೂ ಒಪ್ಪುವಂತೆ ಮಾಡಲು ಅವಳೇ ನಿಯಮಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದಿದ್ದಳು. ಕೆಲವು ಅವಳ ಕಿವಿಗೂ ಕಚ್ಚಿದ್ದವು. ಅಣ್ಣ ಹೇಳಿದ ಮೇಲೆ ತನ್ನ ಕಿವಿಯದೇ ದೋಷ ಅಂದುಕೊಂಡಿದ್ದಳು. ಸಿಹಿ ತಂದದ್ದು ಆ ಗುರುವಾರ ಕಳೆದು ಹದಿನಾರನೆಯ ದಿನ.

ಹಾಗೇ ಬಿಟ್ಟರೆ ಎಂಟು ವರ್ಷದ ಕೆಲಸ ಸುಳ್ಳಾಗುತ್ತಿತ್ತು. ಆ ಏಳು ತಿಂಗಳ ತೀರ್ಪುಗಳನ್ನು ಪಟ್ಟಿಯಿಂದ ತೆಗೆದರೆ ಕಾರಣ ಬರೆಯಬೇಕು. ಕಾರಣದ ಜಾಗ ಖಾಲಿಯಿದ್ದರೆ ಯಂತ್ರ ಮುಂದೆ ಹೋಗಗೊಡುವುದಿಲ್ಲ. ಏನಾದರೂ ಬರೆ, ಯಾರು ಓದುತ್ತಾರೆ ಎಂದರು ಮೇಡಂ, ಅವಳ ಮುಖ ನೋಡದೆ. ಅವಳು ಊಟಕ್ಕೆ ಏಳಲಿಲ್ಲ. ಮೂರು ಗಂಟೆಗೆ ಒಂದು ಸಾಲು ಬರೆದಳು: ತೀರ್ಪು ಹೇಳುವವರಿಗೆ ಈಗ ಗೊತ್ತಾಗುವುದಿಲ್ಲ. ಅದರ ಪಕ್ಕದಲ್ಲೇ ಅಣ್ಣನ ಹೆಸರಿನ ಎರಡಕ್ಷರ ಇದ್ದವು. ಗುಂಡಿ ಒತ್ತಿದಳು.

ಮನೆಗೆ ಬಂದಾಗ ಅವನು ಕನ್ನಡಕ ಒರೆಸಿಕೊಂಡು ಕೂತಿದ್ದ.

“ಎಷ್ಟು ತಂದಿದೀಯ ಇವತ್ತು?”

“ಇಲ್ಲ ಅಣ್ಣ. ತಂದಿಲ್ಲ.” ಅವಳು ಚೀಲ ಕೆಳಗಿಡಲಿಲ್ಲ. “ಏಳು ತಿಂಗಳಾಯ್ತು, ನೀನು ಒಂದನ್ನೂ ಬೀಳಿಸಿಲ್ಲ.”

ಅವನು ಲೋಟವನ್ನು ಮೇಜಿನ ಮೇಲೆ ಕಾಲು ಸುತ್ತು ತಿರುಗಿಸಿದ, ಮತ್ತೆ ಕಾಲು ಸುತ್ತು.

“ಗೊತ್ತು ಕಣೆ,” ಎಂದ. “ಕಲ್ಲು ಕಚ್ಚೋದು ನಿಂತ್ಹೋಯ್ತು. ಎಲ್ಲಾ ಒಂದೇ ಥರ, ಮೆತ್ತಗೆ. ನಿಲ್ಲತ್ತೆ ಅಂದು ಕಣ್ಣು ಬಿಟ್ರೆ ನಿನ್ನ ಮುಖ ಅರಳಿರ್ತಿತ್ತು. ಅದೊಂದು ಮಾತ್ರ ಸರೀಗೆ ಗೊತ್ತಾಗ್ತಿತ್ತು.”

“ನನಗೆ ಹೇಳಬಾರದಿತ್ತಾ?”

“ಹೇಳೋಣ ಅಂತಾನೇ ಇದ್ದೆ. ಕಲ್ಲು ಸಿಗದ ಆ ಮೊದಲನೇ ದಿನ ನೀನು ಓದ್ತಾ ಓದ್ತಾ ನಿಲ್ಲಿಸಿ ನನ್ನ ಕಡೆ ನೋಡಿದಾಗ, ನನಗೆ ಮೊದಲನೇ ಸಲ ನಿನ್ನೆದುರು ಭಯ…” ಎಂದವನು ಲೋಟ ಬಿಟ್ಟು ಎದ್ದ. ಜೇಬಿನಲ್ಲಿದ್ದ ಕೀಲಿಕೈಗಳ ಗೊಂಚಲನ್ನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡು, ಬಾಗಿಲು ದಾಟಿ, ಮೆಟ್ಟಿಲಿಳಿದು ಹೋದ.