ಸೋಪು ಕಪ್ಪಾಗುವ ತನಕ

ಹೋದ ತಿಂಗಳು ನಾನು ಏಣಿಯಿಂದ ಬಿದ್ದೆ. ನಗಬೇಡಿ. ಅದು ನಮ್ಮದೇ ಫ್ಯಾಕ್ಟರಿಯ ಅಲ್ಯೂಮಿನಿಯಂ ಏಣಿ. ಅದನ್ನು ಪರೀಕ್ಷಿಸಿ ‘ಪಾಸ್’ ಎಂದು ಸೀಲು ಒತ್ತಿದ ಇನ್‌ಸ್ಪೆಕ್ಟರೂ ನಾನೇ!

ಹೊಸೂರಿನ ನಮ್ಮ ಶೆಡ್ಡಿನಲ್ಲಿ ಗೋಡೆ ಗಡಿಯಾರ ನಿಂತಿತ್ತು. ಕೀ ಕೊಡೋಣವೆಂದು ಹತ್ತಿದೆ. ನಾಲ್ಕನೇ ಮೆಟ್ಟಿಲು ಬಗ್ಗಿ ಹರಿದುಹೋಯಿತು. ಹದಿನೈದು ದಿನ ಮತ್ತಿಗಿರಿಯ ಮನೆಯಲ್ಲಿ ಸೊಂಟ ಹಿಡಿದುಕೊಂಡು ಮಲಗಿದೆ.

ಆ ಏಣಿಗೆ ಬೆಸುಗೆ ಹಾಕಿದವನು ಮುನಿರಾಜು. ಡೆಂಕಣಿಕೋಟೆ ಕಡೆಯವನು. ಹುಡುಗ ಎನ್ನಲಾಗದು, ಎರಡು ಮಕ್ಕಳ ತಂದೆ. ಇನ್ನೂ ಟೆಂಪರರಿ. ಈ ತಿಂಗಳು ಪರ್ಮನೆಂಟ್ ಆಗಬೇಕಿತ್ತು.

ಮೂರನೇ ದಿನ ಫೋರ್‌ಮನ್ ಮನೆಗೇ ಬಂದರು. ಕೈಯಲ್ಲಿ ಟೈಪ್ ಮಾಡಿದ ರಿಪೋರ್ಟು. ‘ಕಾರಣ: ಕಳಪೆ ವೆಲ್ಡಿಂಗ್.’ ನಾನು ಸಹಿ ಹಾಕಬೇಕಂತೆ.

“ಬೆಸುಗೆ ಬಿಟ್ಟಿಲ್ವಲ್ಲ, ಅದರ ಪಕ್ಕದಲ್ಲಿ ಹರಿದಿರೋದು” ಎಂದೆ. ನೆಲದ ಮೇಲೆ ಬಿದ್ದುಕೊಂಡೇ ನಾನು ಅದನ್ನು ನೋಡಿದ್ದೆ.

“ವಿಡುಂಗ ಸಾರ್, ಬಿಟ್ಬಿಡಿ. ಯಾರ್ದಾದ್ರೂ ಒಂದು ಹೆಸರು ಬರೀಬೇಕಲ್ಲ” ಎಂದರು.

(ತಮ್ಮ ಹೆಸರನ್ನೇ ಬರೆಯಬಹುದಿತ್ತು. ಅಥವಾ ನನ್ನದನ್ನು.)

ಸಂಗತಿ ಇಷ್ಟೇ. ನಮ್ಮಲ್ಲಿ ಮೊದಲು ಬರುತ್ತಿದ್ದದ್ದು ಮೆತ್ತನೆಯ ಅಲ್ಯೂಮಿನಿಯಂ. ಬೆಸುಗೆಗೆ ಮುಂಚೆ ಅದರ ಮೇಲೆ ಕಾವಿನ ಗುರುತಿಗೆ ಬಟ್ಟೆ ಸೋಪಿನಿಂದ ಒಂದು ಗೆರೆ ಎಳೆದು, ಗೆರೆ ಕಪ್ಪಾಗುವ ತನಕ ಗ್ಯಾಸ್ ಉರಿಯಲ್ಲಿ ಕಾಯಿಸುವುದು ಶೆಡ್ಡಿನ ಪದ್ಧತಿ. ಕಲಿಸಿದ್ದು ಇದೇ ಫೋರ್‌ಮನ್. ಈ ವರ್ಷ ಬಂದದ್ದು ಬೇರೆ ಮಿಶ್ರಲೋಹ. ಅದನ್ನು ಮೊದಲೇ ಕಾಯಿಸಿ, ನೀರಿಗೆ ಅದ್ದಿ, ಹದ ಮಾಡಿ ಗಟ್ಟಿಗೊಳಿಸಿರುತ್ತಾರೆ. ಸೋಪು ಕಪ್ಪಾಗುವಷ್ಟು ಕಾಯಿಸಿದರೆ ಆ ಹದವೆಲ್ಲ ಹೋಯಿತು. ಬೆಸುಗೆ ನೋಡಲು ಚೆಂದ, ಅಕ್ಕಪಕ್ಕದ ಲೋಹ ಮಾತ್ರ ಮೆತ್ತಗೆ.

ಇದನ್ನು ವೆಲ್ಡರ್‌ಗಳಿಗೆ ಯಾರು ಹೇಳಬೇಕಿತ್ತು? ಲೋಹದ ಜೊತೆ ಬಂದ ಇಂಗ್ಲಿಷ್ ಹಾಳೆ ಫೋರ್‌ಮನ್ ಮೇಜಿನಲ್ಲಿತ್ತು. ಅದರ ಒಂದು ಪ್ರತಿ ನನ್ನ ಮೇಜಿನಲ್ಲೂ ಇತ್ತು. ನಾನು ಓದಿರಲಿಲ್ಲ. ಬೆಸುಗೆಯ ಅಂದ ನೋಡಿ ಸೀಲು ಒತ್ತಿದ್ದೆ.

ಆದರೂ ಸಹಿ ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು!

ನಾಲ್ಕು ದಿನ ಕಳೆದು ಮುನಿರಾಜು ಬಂದ. ಅಷ್ಟರಲ್ಲಿ ಅವನನ್ನು ತೆಗೆದುಹಾಕಿಯಾಗಿತ್ತು. ಒಂದು ಚೀಲ ಅವರೆಕಾಯಿ ತಂದಿದ್ದ. ಬಾಗಿಲಲ್ಲೇ ನಿಂತ.

“ಸೊಂಟ ಎಂಗೈತೆ ಸಾರ್?”

“ಪರವಾಗಿಲ್ಲ ಕಣಪ್ಪ.”

“ನೀವೇ ಯೋಳಿ ಸಾರ್, ನನ್ ಬೆಸುಗೆ ಬಿಟ್ಟಿತ್ತಾ? ಸೋಪು ಕರ್ರಗಾಗೋಗಂಟ ಕಾಯ್ಸು ಅಂದೋರೇ ಅವ್ರು. ಈ ಮಾಲು ಬ್ಯಾರೆ ಅಂತ ಒಬ್ರಾದ್ರೂ ಬಾಯ್ಬುಟ್ರಾ? ನೀವೊಂದ್ ಮಾತು ಯೋಳಿದ್ರೆ ಮತ್ತೆ ತಕ್ಕೊಂಡಾರು.”

ರಿಪೋರ್ಟಿನಲ್ಲಿ ಯಾರ ಸಹಿಯಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. “ನೋಡೋಣಪ್ಪ” ಎಂದೆ. ಎಂಥ ಹೊಲಸು ಮಾತು, ಈ ‘ನೋಡೋಣ’!

ಅವನು ಹೋದ ಮೇಲೆ ನನ್ನ ಹೆಂಡತಿ ಅವರೆಕಾಯಿ ಚೀಲವನ್ನು ನನ್ನ ಮುಂದೆ ಕುಕ್ಕಿದಳು. “ನಿಮ್ಮ ಸೊಂಟ ಸರಿಹೋಗುತ್ತೆ. ಅವನ ಕೆಲಸ?” ಎಂದಳು.

ಇದನ್ನು ಫ್ಯಾಕ್ಟರಿಯವರು ಓದಿದರೆ ನನ್ನ ಕೆಲಸಕ್ಕೂ ಕುತ್ತು ಬರಬಹುದು. ಬರಲಿ. (ನಮ್ಮ ಮ್ಯಾನೇಜರಿಗೆ ಕನ್ನಡ ಬಾರದು ಎಂಬ ಧೈರ್ಯವೂ ಇದೆ ಅನ್ನಿ. ನಾನು ಅಷ್ಟೇನೂ ಶೂರನಲ್ಲ.)

ಮೊನ್ನೆ ಸೋಮವಾರ ಕೆಲಸಕ್ಕೆ ಹೋದೆ. ಫೋರ್‌ಮನ್ ಒಂದು ತಮಿಳು ನೋಟಿಸ್ ಕೊಟ್ಟು, ಇದನ್ನು ಕನ್ನಡದಲ್ಲೂ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಈಗ ಅದು ಶೆಡ್ಡಿನ ಗೋಡೆಯ ಮೇಲಿದೆ: ‘ಹೊಸ ಮಾಲನ್ನು ಸೋಪು ಕಪ್ಪಾಗುವ ತನಕ ಕಾಯಿಸಬಾರದು.’

ತಪ್ಪು ಮುನಿರಾಜುವಿನದೇ ಆಗಿದ್ದರೆ, ಅವನು ಹೋದ ಮೇಲೆ ಈ ನೋಟಿಸ್ ಯಾರಿಗೆ?