ಅಣ್ಣನ ಬುಕ್‌ಮಾರ್ಕು

ಬನಹಟ್ಟಿಯ ಮನೆಯ ಕಂಪ್ಯೂಟರಿಗೂ ಜಮಖಂಡಿಯ ನನ್ನ ಕಚೇರಿಯ ಕಂಪ್ಯೂಟರಿಗೂ ಒಂದೇ ಖಾತೆ ಹಾಕಿದವನು ನಾನೇ. ನಾನು ಬುಕ್‌ಮಾರ್ಕ್ ಮಾಡಿದ ಸೀರೆ ಡಿಸೈನುಗಳು ಮನೆಯಲ್ಲಿ ನೇಯುವ ಅಣ್ಣನಿಗೆ ಕಾಣಲಿ ಎಂದು. ಅವನು ಮಾಡಿದ್ದು ನನಗೂ ಕಾಣುತ್ತದೆ ಎಂದು ಹೇಳಲು ಮರೆತಿದ್ದೆ.

ಮೊನ್ನೆ ಕಚೇರಿಯಲ್ಲಿ ಹೊಸ ಬುಕ್‌ಮಾರ್ಕೊಂದು ಕಂಡಿತು. ತೆರೆದರೆ ಹಳೆಯ ಸಾಮಾನು ಮಾರುವ ಜಾಲತಾಣ, ಅದರಲ್ಲಿ ನಮ್ಮದೇ ಮಗ್ಗದ ಫೋಟೋ. ದಸರೆಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ನಾನೇ ಬಳಿದ ವಿಭೂತಿ ಇನ್ನೂ ಅದರ ಮೇಲಿತ್ತು.

ಸಿಟ್ಟಿನಿಂದ ಅಣ್ಣನಿಗೆ ಫೋನ್ ಹಚ್ಚಿದೆ. "ಮಗ್ಗ ಮಾರಾಕ ಇಟ್ಟೀಯೇನು?"

ಯಾವಾಗ ಫೋನ್ ಮಾಡಿದರೂ ಮಗ್ಗದ ಸದ್ದಿನ ನಡುವೆ ಅವನು ಕೂಗಿಯೇ ಮಾತಾಡಬೇಕಿತ್ತು. ಆ ದಿನ ಅವನ ಪಿಸುಮಾತೂ ಸ್ಪಷ್ಟವಾಗಿ ಕೇಳಿಸಿತು.

"ನಿನಗ ಹೆಂಗ ಗೊತ್ತಾತು?"