ಕೋಬಾಲ್ಟ್ ಲೇಪದ ಮೇಲಿನ ಹೆಬ್ಬೆರಳು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನ್ನದೇನೂ ತಕರಾರಿಲ್ಲ.

ಎರಡು ಸಾವಿರದ ಇಸವಿಗಿಂತ ಸ್ವಲ್ಪ ಈಚಿನ ಮಾತು. ದೆಹಲಿಯ ಒಂದು ಪ್ರಯೋಗಾಲಯಕ್ಕೆ ನಾನು ಹೊಸಬ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಾಮ್ರದ ತಗಡುಗಳನ್ನು ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಕೋಬಾಲ್ಟ್-ನಿಕಲ್ ಮಿಶ್ರಲೋಹದ ತೆಳು ಲೇಪ ಕೂರಿಸುವುದು, ಅದು ಎಷ್ಟು ಗಟ್ಟಿ, ಎಷ್ಟು ನುಣುಪು ಎಂದು ಅಳೆಯುವುದು ನಮ್ಮ ಕೆಲಸ. ನನಗೆ ಕಲಿಸಿದವರು ಮೈಸೂರಿನ ಕಡೆಯ ಹಿರಿಯ ಟೆಕ್ನಿಷಿಯನ್ ಶೇಷಗಿರಿರಾಯರು. ಅವರು ತೊಳೆದ ತಗಡನ್ನು ನೀರಿನಲ್ಲಿ ಅದ್ದಿ ಎತ್ತಿ ಹಿಡಿಯುತ್ತಿದ್ದರು. ನೀರು ಒಂದೇ ಪದರವಾಗಿ ನಿಂತರೆ ಸರಿ. ಎಲ್ಲಾದರೂ ಒಡೆದರೆ ಅಲ್ಲಿ ಜಿಡ್ಡಿದೆ ಎಂದರ್ಥ. ಬರಿಗೈಯಲ್ಲಿ ಮುಟ್ಟಿದರಂತೂ ಮುಗಿಯಿತು. ಬೆರಳಿನ ಗುರುತು ಲೇಪದಲ್ಲೇ ಮೂಡಿ, ಅಲ್ಲಿಂದಲೇ ಅದು ಸುಲಿಯತೊಡಗುತ್ತದೆ.

ಒಂದು ಸಂಜೆ ಬಸ್ಸು ತಪ್ಪೀತೆಂಬ ಅವಸರದಲ್ಲಿ, ಅವರು ತೊಳೆದಿಟ್ಟ ತಗಡುಗಳನ್ನು ನಾನು ಬರಿಗೈಯಲ್ಲೇ ದ್ರಾವಣಕ್ಕಿಳಿಸಿದೆ. ಪರೀಕ್ಷೆಗೆ ಹೋದವೆಲ್ಲ ಸುಲಿದು ವಾಪಸ್ಸು ಬಂದವು. ಮುಖ್ಯಸ್ಥರು ಇಬ್ಬರನ್ನೂ ಕರೆಸಿ ಕೇಳಿದಾಗ ನಾನು ರಾಯರ ಹಿಂದೆ ಸರಿದು ನಿಂತೆ. ರಾಯರು "ನನ್ನ ಕೈತಪ್ಪು, ಸರ್" ಎಂದುಬಿಟ್ಟರು. ನಿವೃತ್ತಿಯ ಅಂಚಿನಲ್ಲಿದ್ದ ಅವರ ಸೇವಾ ಕಡತದ ಕೊನೆಯ ಪುಟದಲ್ಲಿ 'ನಿರ್ಲಕ್ಷ್ಯ' ಎಂದು ದಾಖಲಾಯಿತು. ನಿವೃತ್ತರಾಗಿ ವರ್ಷ ತುಂಬುವ ಮೊದಲೇ ರಾಯರು ತೀರಿಕೊಂಡರು. ನಾನು ಆಗಲೂ ನಿಜ ಹೇಳಲಿಲ್ಲ. ಹೇಡಿತನ, ಬೇರೇನಲ್ಲ.

ಮುಂದಿನ ಜನವರಿಯ ಒಂದು ಬೆಳಿಗ್ಗೆ, ಕಿಟಕಿಯಾಚೆ ಮಂಜು ಬಿಟ್ಟು ಏನೂ ಕಾಣುತ್ತಿರಲಿಲ್ಲ, ಲ್ಯಾಬಿನಲ್ಲಿ ನಾನೊಬ್ಬನೇ. ಕೈಗವಸು ಹಾಕಿಯೇ ತಗಡು ತೊಳೆದೆ. ನೀರು ಎಲ್ಲೂ ಒಡೆಯಲಿಲ್ಲ. ದ್ರಾವಣಕ್ಕಿಳಿಸಿ ಅರ್ಧ ಗಂಟೆ ಬಿಟ್ಟು ಎತ್ತಿದರೆ, ಬೂದು ಹೊಳಪಿನ ನಡುವೆ ಹೆಬ್ಬೆರಳಿನ ಗುರುತು, ಅದಕ್ಕಡ್ಡವಾಗಿ ಓರೆಯಾದ ಗಾಯದ ಗೆರೆ. ರಾಯರ ಬಲಗೈ ಹೆಬ್ಬೆರಳಿನಲ್ಲಿ ಅಂಥದೇ ಗೆರೆಯಿತ್ತು. ಎರಡನೆಯ ತಗಡು ಹಾಕಿದೆ. ಅದೇ ಜಾಗ, ಅದೇ ಗುರುತು. ಬಾಗಿಲವರೆಗೂ ಓಡಿದೆ.

ಆದರೂ ಅಭ್ಯಾಸಬಲ ನೋಡಿ, ಪರೀಕ್ಷಿಸಿದೆ. ಅಂಟುಪಟ್ಟಿ ಹಚ್ಚಿ ಕಿತ್ತೆ, ಸೂಜಿಯಿಂದ ಗೀರಿದೆ. ಸುಲಿಯಬೇಕಾಗಿದ್ದ ಆ ಜಾಗದಲ್ಲೇ ಲೇಪ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿತ್ತು. ಅಷ್ಟು ಒಳ್ಳೆಯ ಲೇಪವನ್ನು ನಾನು ಮತ್ತೆಂದೂ ಮಾಡಿಲ್ಲ.

ಅಂದೇ ನನ್ನ ತಪ್ಪನ್ನು ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟು, ಒಂದು ತಗಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸರೋಜಿನಿ ನಗರಕ್ಕೆ ಹೋದೆ. ರಾಯರ ಹೆಂಡತಿ ಶಾರದಮ್ಮ ಅಲ್ಲಿ ಮಗಳ ಕ್ವಾರ್ಟರ್ಸಿನಲ್ಲಿದ್ದರು. ಅಂದಿನ ತಪ್ಪು ನನ್ನದೆಂದು ಹೇಳಿದೆ.

"ಗೊತ್ತಿತ್ತಪ್ಪ" ಎಂದರು. "ಅವತ್ತೇ ಬಂದು ಹೇಳಿದ್ರು. ಹುಡುಗ ಹೆದರಿದಾನೆ, ನಾಳೆ ತಾನೇ ಬಂದು ಹೇಳ್ತಾನೆ ಅಂತ. ಆಮೇಲೆ ದಿನಾ ಬಾಗಿಲು ನೋಡೋರು."

ನಾನು ತಲೆ ಎತ್ತಲಾಗದೆ ತಗಡನ್ನು ಅವರ ಮುಂದಿಟ್ಟೆ. ಆ ಗುರುತು ಹೇಗೆ ಮೂಡಿತೆಂಬುದು ಇಂದಿಗೂ ನನಗೆ ಬಗೆಹರಿದಿಲ್ಲ. ಶಾರದಮ್ಮ ಮಾತ್ರ ಅದನ್ನು ಕೇಳಲೇ ಇಲ್ಲ. ಗೆರೆಯ ಮೇಲೆ ಬೆರಳಾಡಿಸುತ್ತ, ನನ್ನನ್ನು ನೋಡದೆ ತಗಡಿಗೇ ಹೇಳಿದರು:

"ಕೇಳಿಸ್ತೇನ್ರೀ? ಹುಡುಗ ಬಂದು ಹೇಳಿದ."